ಹಾಸಿನ ಹಿಂದೆ ಬಾಳವ್ವ, ಬಾಳವ್ವನ ಹಿಂದೆ ಕಂಡಿಕಿ

ಗಜೇಂದ್ರಗಡ, ೧೮೫೫. ಎಳ್ಳ ಅಮಾವಾಸ್ಯೆ ಕಳೆದ ಮೇಲಿನ ಚಳಿ.

ಬೆಟ್ಟದ ಮೇಲಿನ ಕೋಟೆಗೆ ಇನ್ನೂ ಬಿಸಿಲು ತಾಗಿಲ್ಲ. ಕೆಳಗೆ ನೇಕಾರರ ಓಣಿಯಲ್ಲಿ ಆ ತುದಿಯಿಂದ ಈ ತುದಿಯವರೆಗೆ ಹಾಸು ಬಿಗಿದಾಗಿದೆ. ಹಾಸು ಅಂದರೆ ಸೀರೆಯ ಉದ್ದದ ಎಳೆಗಳು. ಮಗ್ಗ ಏರುವ ಮೊದಲು ಅವು ಹೀಗೆ ಬೀದಿಯಲ್ಲಿ ಮೈಚಾಚಿ ಹೊಟ್ಟೆ ತುಂಬ ಗಂಜಿ ಕುಡಿಯಬೇಕು. ಇಬ್ಬರು ಗಂಡಸರು ಅತ್ತಲೊಬ್ಬ ಇತ್ತಲೊಬ್ಬ ನಿಂತು ಅಗಲವಾದ ಕುಂಚದಿಂದ ಗಂಜಿ ಸವರುತ್ತ ಮುಂದೆ ಸಾಗುತ್ತಾರೆ. ಅವರ ಬೆನ್ನಿಗೆ, ಸೊಂಟ ಬಗ್ಗಿಸಿ, ಮೊಣಕೈಗೆ ಗಂಜಿ ತುಂಬಿದ ತೆಂಗಿನ ಪರಟೆಯೊಂದನ್ನು ದಾರದಲ್ಲಿ ತೂಗುಹಾಕಿಕೊಂಡು ಒಬ್ಬ ಹೆಂಗಸು ಬರುತ್ತಾಳೆ. ನೀರಿಗೆ ಹೋಗುವವರು ಕುಂಚದವರನ್ನು ಮಾತಾಡಿಸುತ್ತಾರೆ, ಮಗ್ಗದ ಯಜಮಾನನಿಗೆ ಕೈಮುಗಿಯುತ್ತಾರೆ. ಈ ಹೆಂಗಸಿನ ಮೇಲೆ ಮಾತ್ರ ಯಾರ ಕಣ್ಣೂ ನಿಲ್ಲುವುದಿಲ್ಲ.

ಅವಳೇ ಬಾಳವ್ವ. ಹರಿದ ಎಳೆ ಕೂಡಿಸುವವಳು.

ಬೆಳಕು ಸರಿಯಾಗಿ ಮೂಡುವುದನ್ನು ಕಾಯುವಂತಿಲ್ಲ. ಬಿಸಿಲೇರಿದರೆ ಗಂಜಿ ಬಲುಬೇಗ ಒಣಗಿ ಎಳೆಗಳು ಪಟಪಟನೆ ಹರಿಯುತ್ತವೆ. ಹಾಗಾಗಿ ಬಾಳವ್ವ ಕಣ್ಣನ್ನು ನಂಬಿದವಳಲ್ಲ, ಬೆರಳನ್ನು ನಂಬಿದವಳು. ಹಾಸಿನ ಮೇಲೆ ಅಂಗೈ ಆಡಿಸುತ್ತ ಹೋಗುತ್ತಾಳೆ. ಎಲ್ಲಿ ಒಂದು ಎಳೆ ಸಡಿಲಾಗಿದೆಯೋ ಅಲ್ಲಿ ಕೈ ತಾನಾಗಿ ನಿಲ್ಲುತ್ತದೆ. ಎರಡು ತುದಿ ಹುಡುಕಿ, ನಾರು ಬಿಟ್ಟ ಭಾಗವನ್ನು ಉಗುರಿನಿಂದ ಚಿವುಟಿ, ಹೆಬ್ಬೆರಳಿಗೆ ಗಂಜಿ ತಾಗಿಸಿಕೊಂಡು ಎರಡನ್ನೂ ಸೇರಿಸಿ ಹೊಸೆದುಬಿಡುತ್ತಾಳೆ. ಗಂಟು ಹಾಕುವುದಿಲ್ಲ. ಗಂಟು ಹಾಕಿದರೆ ಅದು ಮಗ್ಗದ ಹಣಿಗೆಯಲ್ಲಿ ಸಿಕ್ಕಿಕೊಂಡು ಪಕ್ಕದ ಎಳೆಗಳನ್ನೂ ಹಾಳುಮಾಡುತ್ತದೆ.

"ಕೂಡಿಸಿದ್ದು ಕಾಣಬಾರದ್ರಿ. ಕಂಡ್ರ ಅದು ಕೂಡಿಸಿಧಂಗ ಅಲ್ಲ, ತ್ಯಾಪಿ ಹಚ್ಚಿಧಂಗ" ಎನ್ನುತ್ತಾಳೆ ಬಾಳವ್ವ. ಅವಳ ಕೆಲಸದ ಪಾಡೇ ಇದು. ಚೆನ್ನಾಗಿ ಮಾಡಿದಷ್ಟೂ ಯಾರಿಗೂ ಕಾಣುವುದಿಲ್ಲ.

ಇವತ್ತು ಮಾತ್ರ ಅವಳು ಹೆಜ್ಜೆಗೊಮ್ಮೆ ಹಿಂದಿರುಗಿ ನೋಡುತ್ತಾಳೆ. ಅವಳ ಹಿಂದೆ ಯಾವಾಗಲೂ ಬಾಲ ಎತ್ತಿಕೊಂಡು ನಡೆದುಬರುವ ಬೂದು ಬಣ್ಣದ ಪುಟ್ಟ ಬೆಕ್ಕು ಇವತ್ತು ಬಂದಿಲ್ಲ. ಮಗ್ಗದ ಮನೆಯ ಕಟ್ಟೆಯ ಮೇಲೆ, ಕಾಲು ನಾಲ್ಕನ್ನೂ ಹೊಟ್ಟೆಯಡಿ ಸೇರಿಸಿಕೊಂಡು ಕೂತಿದೆ. "ಕಂಡಿಕೀ, ಬಾ ಇಲ್ಲೆ" ಎಂದು ಬಾಳವ್ವ ದನಿ ತಗ್ಗಿಸಿ ಕರೆಯುತ್ತಾಳೆ. ಬೆಕ್ಕು ಕಿವಿ ಅಲ್ಲಾಡಿಸುತ್ತದೆ, ಏಳುವುದಿಲ್ಲ. ಕುಂಚದ ಹಾಲಸಿದ್ದಪ್ಪ "ಯಕ್ಕಾ, ಹಿಂದ ಉಳದೀ ನೋಡು" ಎಂದು ಗದರಿದ ಮೇಲೆ ಅವಳು ಮತ್ತೆ ಬಗ್ಗುತ್ತಾಳೆ.

ನೂಲು ಸುತ್ತಿ ಲಾಳಿಯೊಳಗೆ ಕೂರಿಸುವ ಪುಟ್ಟ ಕೊಳವೆಗೆ ಈ ಓಣಿಯಲ್ಲಿ ಕಂಡಿಕಿ ಅನ್ನುತ್ತಾರೆ. ಮರಿಯಾಗಿದ್ದಾಗ ಈ ಬೆಕ್ಕು ಮೈ ಸುತ್ತಿಕೊಂಡು ಮಲಗಿದರೆ ಥೇಟ್ ಹಾಗೆಯೇ ಕಾಣುತ್ತಿತ್ತಂತೆ. ಒಮ್ಮೆ ಮಗ್ಗದ ಯಜಮಾನ ಈಶಪ್ಪ ಕತ್ತಲಲ್ಲಿ ಕಂಡಿಕಿಯೆಂದೇ ಕೈಹಾಕಿ ಎತ್ತಿಕೊಂಡು ಪರಚಿಸಿಕೊಂಡನಂತೆ. ಅಲ್ಲಿಂದ ಅದೇ ಹೆಸರಾಯಿತು. ಈಗ ನೋಡಿದರೆ ಲಾಳಿ ಓಡಿದಂತೆಲ್ಲ ನೂಲು ಕಳೆದುಕೊಂಡು ಬರಿಯ ಕೊಳವೆ ಉಳಿಯುತ್ತದಲ್ಲ, ಹಾಗಾಗಿದೆ ಅದರ ಮೈ. ಬೆನ್ನ ಮೇಲೆ ಕೈಯಾಡಿಸಿದರೆ ಎಲುಬು ಒಂದೊಂದಾಗಿ ಸಿಗುತ್ತದೆ. ದೀಪಾವಳಿಗೆ ಗುಂಡಗಿದ್ದ ಪ್ರಾಣಿ ಸಂಕ್ರಾಂತಿ ಬರುವ ಹೊತ್ತಿಗೆ ಹೀಗೇಕಾಯಿತು ಎಂಬುದು ಯಾರಿಗೂ ತಿಳಿಯದು. ಗಾಯವಿಲ್ಲ, ಜ್ವರವಿಲ್ಲ. ಊಟ ಮಾತ್ರ ಒಲ್ಲದು.

ಬಾಳವ್ವ ಮುಶಿಗೇರಿಯ ಮಗಳು. ಹೊಲದಲ್ಲಿ ಹುಟ್ಟಿ ಬೆಳೆದವಳಿಗೆ ಮಗ್ಗ ಅಂದರೆ ಏನೆಂದು ಗೊತ್ತಿದ್ದದ್ದು ಉಟ್ಟ ಸೀರೆಯಿಂದ ಅಷ್ಟೇ. ಗಜೇಂದ್ರಗಡದ ನೇಕಾರ ಮೈಲಾರಪ್ಪನನ್ನು ಮದುವೆಯಾಗಿ ಈ ಓಣಿಗೆ ಬಂದ ಹೊಸತರಲ್ಲಿ ಲಾಳಿಯ ಸದ್ದಿಗೆ ತಲೆಚಿಟ್ಟು ಹಿಡಿದು, ರೊಟ್ಟಿ ಗಂಟಲಲ್ಲಿ ಇಳಿಯದೆ, ಮೂಲೆ ಹಿಡಿದು ಅಳುತ್ತ ಕೂರುತ್ತಿದ್ದಳಂತೆ. ಅತ್ತೆಯೇ ಕರೆದು ಎಳೆ ಕೂಡಿಸಲು ಕಲಿಸಿದಳು. "ಅತ್ತಿ ಬಾಯಿ ಭಾಳ ಬಿರುಸ ಇತ್ರಿ. ಆದ್ರ ಕೈ ಹಿಡದ ಕಲಿಸಿದಳು. 'ಎಳಿ ಎಳೀಬ್ಯಾಡ, ಅದು ಎಲ್ಲಿ ಸಿಕ್ಕೈತಿ ಕೇಳು' ಅಂತಿದ್ದಳು. ಎಳಿ ಏನ ಮಾತಾಡತೈತೇನ್ರಿ ಅಂತ ನಾ ಹಿಂದ ನಿಂತು ನಗತಿದ್ದೆ." ಈಗ ಅತ್ತೆಯೂ ಇಲ್ಲ, ಮೈಲಾರಪ್ಪನೂ ಇಲ್ಲ, ವಾಂತಿಭೇದಿ ಬಂದ ವರ್ಷ ಇಬ್ಬರೂ ಒಂದೇ ವಾರದಲ್ಲಿ ಹೋದರು. ಮನೆಯ ಮಗ್ಗ ಅಲ್ಲಿಗೆ ನಿಂತಿತು. ಮಗಳು ಚನ್ನವ್ವನನ್ನು ಚಿಕ್ಕನರಗುಂದಕ್ಕೆ ಕೊಟ್ಟ ಮೇಲೆ ಬಾಳವ್ವ ಪಕ್ಕದ ಮಗ್ಗದ ಮನೆಯ ಈಶಪ್ಪನ ಹಾಸಿನಲ್ಲಿ ಎಳೆ ಕೂಡಿಸಲು ಬಂದಳು. ಅವಳಿಗೆ ಗೊತ್ತಿದ್ದ ಕಸುಬು ಅದೊಂದೇ.

ಕಸುಬು ಸುಲಭದ್ದೇನಲ್ಲ. ಚಳಿಗಾಲದಲ್ಲಿ ಗಂಜಿಯಲ್ಲಿ ಅದ್ದಿದ ಬೆರಳು ಒಣಗಿ ಬಿರಿಯುತ್ತವೆ. ಬಿರಿದ ಬೆರಳಿಗೆ ಎಳೆಯ ಸುಳಿವು ಸಿಗದು. ಅದಕ್ಕೆ ಸಂಜೆ ಕೂತು ಕುಸುಬಿ ಎಣ್ಣೆ ತಿಕ್ಕಿಕೊಳ್ಳಬೇಕು. ಬೆನ್ನು ಬಗ್ಗಿದ್ದು ನೆಟ್ಟಗಾಗಲು ಮಧ್ಯಾಹ್ನವಾಗುತ್ತದೆ. ಒಂದು ಹಾಸಿನಲ್ಲಿ ಎಷ್ಟು ಎಳೆ ಕೂಡಿಸುತ್ತೀ ಎಂದು ಕೇಳಿದರೆ ಅವಳಿಗೆ ನಗು ಬರುತ್ತದೆ. "ಹರದಷ್ಟು ಕೂಡಸ್ತೀನ್ರಿ. ಲೆಕ್ಕಾ ಯಾರ ಇಡ್ತಾರ?"

ಬೆಕ್ಕು ಬಂದದ್ದು ಕಳೆದ ಮುಂಗಾರಿನ ಮುಂಚೆ. ಮಗಳ ಮನೆಗೆ ಹೋದಾಗ ಹೊಲದ ಬಣವೆಯಲ್ಲಿ ಸಿಕ್ಕ ಮರಿ. ಬೆಕ್ಕಿನ ಮರಿಯನ್ನು ಪುಕ್ಕಟೆ ಒಯ್ಯಬಾರದು ಎಂದು ಬೀಗತಿ ಹಟ ಹಿಡಿದಳಂತೆ. ಬಾಳವ್ವ ಉಡಿಯಲ್ಲಿದ್ದ ಉಪ್ಪು ಕೊಟ್ಟು, ಮರಿಯನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಬಂಡಿ ಹತ್ತಿದಳು. ನರಗುಂದದ ಗುಡ್ಡ ದಾಟುವವರೆಗೆ ಒಂದೇ ಸಮನೆ ಕೂಗಿತು, ರೋಣದ ಹತ್ತಿರ ಅವಳ ಮಡಿಲಲ್ಲೇ ಉಚ್ಚೆ ಹೊಯ್ದಿತು, ಗಜೇಂದ್ರಗಡ ಬಂದಾಗ ಅವಳ ಸೆರಗಿನೊಳಗೆ ನಿದ್ದೆ ಹೋಗಿತ್ತು.

ನೇಕಾರನ ಮನೆಗೆ ಬೆಕ್ಕು ಬೇಕೇ ಬೇಕು. ಗಂಜಿ ಕುಡಿದು ಒಣಗಿದ ನೂಲು ಇಲಿಗಳಿಗೆ ಹಬ್ಬದೂಟ. ಸುತ್ತಿಟ್ಟ ಹಾಸಿನಲ್ಲಿ ಒಂದು ಇಲಿ ಬಾಯಿ ಹಾಕಿದರೆ ಸಾಕು, ಬಿಚ್ಚುವಾಗ ಸುತ್ತು ಸುತ್ತಿಗೂ ಎಳೆ ಹರಿದಿರುತ್ತದೆ. ಕೂಡಿಸುವವಳ ಸೊಂಟ ಮುರಿಯುತ್ತದೆ. ಕಂಡಿಕಿ ಬೆಳೆದು ಜಂತಿ ಹತ್ತಲು ಕಲಿತ ಮೇಲೆ ಈಶಪ್ಪನ ಮನೆಯಲ್ಲಿ ಇಲಿಗಳ ಗದ್ದಲ ಅಡಗಿತು. ಕೆಲಸ ಮುಗಿದ ಮೇಲೆ ಬಾಳವ್ವ ಪರಟೆಯ ತಳದಲ್ಲಿ ಉಳಿದ ಗಂಜಿಯನ್ನು ಅದರ ಮುಂದಿಡುತ್ತಿದ್ದಳು. ಜೋಳದ ಗಂಜಿಗೆ ಒಂದಿಷ್ಟು ಕುಸುಬಿ ಎಣ್ಣೆ ಬೆರೆಸುವುದು ಈ ಓಣಿಯ ಪದ್ಧತಿ; ಆ ಎಣ್ಣೆಯ ವಾಸನೆಗೆ ಬೆಕ್ಕು ಪರಟೆ ನೆಕ್ಕಿ ನೆಕ್ಕಿ ಬೋರಲು ಹಾಕುತ್ತಿತ್ತು. ಅದೇ ಅವರಿಬ್ಬರ ಲೇವಾದೇವಿ.

ಅಂಥ ಬೆಕ್ಕು ಊಟ ಬಿಟ್ಟರೆ ಓಣಿ ಸುಮ್ಮನಿರುತ್ತದೆಯೇ? ಒಬ್ಬೊಬ್ಬರದು ಒಂದೊಂದು ಮಾತು.

"ಅದಕ್ಕೇನ ಧಾಡಿ? ಯಾರದೋ ಸಾವಕಾರ್‍ರ ಮನ್ಯಾಗ ಹಾಲು ಕುಡದ ಬರ್ತೈತಿ, ನಿನ್ನ ಗಂಜಿ ಈಗ ರುಚಿ ಹತ್ತವಲ್ದು" ಎನ್ನುತ್ತಾನೆ ಹಾಲಸಿದ್ದಪ್ಪ. ಹಾಲು ಕುಡಿದ ಬೆಕ್ಕಿನ ಎಲುಬು ಯಾಕೆ ಕಾಣುತ್ತದೆ ಎಂದು ಅವನನ್ನು ಯಾರೂ ಕೇಳುವುದಿಲ್ಲ. ಪಕ್ಕದ ಮನೆಯಲ್ಲಿ ಹಳೆಯ ಬಟ್ಟೆಗಳ ಕೌದಿ ಹೊಲಿಯುವ ಜಮಾಲಬಿಗೆ ಅದು ದೃಷ್ಟಿಯೇ ಸೈ. ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುತ್ತಾಳೆ. ಘಾಟಿಗೆ ಓಣಿಯವರೆಲ್ಲ ಸೀನುತ್ತಾರೆ, ಬೆಕ್ಕೂ ಒಮ್ಮೆ ಸೀನುತ್ತದೆ. "ನೋಡು, ಹೋತು!" ಎಂದು ಜಮಾಲಬಿ ಖುಷಿಪಡುತ್ತಾಳೆ. ಮರುದಿನವೂ ಬೆಕ್ಕು ಉಣ್ಣುವುದಿಲ್ಲ.

ಬಾಳವ್ವನ ಲೆಕ್ಕವೇ ಬೇರೆ. ಚಿಕ್ಕನರಗುಂದದ ಬಣವೆ ನೆನಪಾಗಿರಬೇಕು ಎಂದು ಅವಳ ಗುಮಾನಿ. ತಾನೂ ಹೀಗೆಯೇ ಅಲ್ಲವೇ, ಮುಶಿಗೇರಿಯ ಹೊಲ ನೆನೆದು ಇದೇ ಓಣಿಯಲ್ಲಿ ಅನ್ನ ನೀರು ಬಿಟ್ಟು ಕೂತದ್ದು? ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ಕಿವಿಯ ಹಿಂದೆ ಕೆರೆಯುತ್ತ ಹೇಳುತ್ತಾಳೆ: "ಹೆಣ್ಣ ಜನ್ಮ ಹಿಂಗ ನೋಡವಾ. ಮೊದಲ ಮೊದಲ ತ್ರಾಸ ಆಗತೈತಿ. ಆಮ್ಯಾಲ ಹೊಂದ್ಕೋತೈತಿ." ಬೆಕ್ಕು ಅವಳ ಮುಖ ನೋಡುತ್ತದೆ, ಕೆಳಗಿಳಿದು ಗಂಟಲು ಕೆರೆದಂತೆ ಕೆಮ್ಮಿ, ಸ್ವಲ್ಪ ಬಿಳಿ ನೊರೆ ಕಕ್ಕುತ್ತದೆ. ಅವಳು ಸೆರಗಿನಿಂದ ಅದರ ಬಾಯಿ ಒರೆಸುತ್ತಾಳೆ.

ಉಳಿದದ್ದೇನನ್ನೂ ಮುಟ್ಟದ ಬೆಕ್ಕು ಗಂಜಿಯ ಪರಟೆಗೆ ಮಾತ್ರ ನಾಲಿಗೆ ತಾಗಿಸುತ್ತಿತ್ತು. ಅದನ್ನು ಕಂಡು ಅವಳು ತನ್ನ ಕೆಲಸದ ಕ್ರಮವನ್ನೇ ತುಸು ಸಡಿಲಿಸಿದಳು. ಈ ಓಣಿಯಲ್ಲಿ ಚಿವುಟಿದ ಎಳೆಯನ್ನು ನೆಲಕ್ಕೆ ಹಾಕುವುದಿಲ್ಲ. ಉಡುವ ಬಟ್ಟೆಯಾಗಬೇಕಾದದ್ದನ್ನು ತುಳಿಯಬಾರದು. ಬಾಳವ್ವ ಅವನ್ನು ಪರಟೆಯ ಅಂಚಿಗೆ ಅಂಟಿಸುತ್ತ ಹೋಗುತ್ತಾಳೆ, ಕೊನೆಗೆ ಆರಿಸಿಟ್ಟು ದೀಪಕ್ಕೆ ಬತ್ತಿ ಮಾಡುತ್ತಾಳೆ. ಮೊದಲೆಲ್ಲ ಎಳೆ ಆರಿಸಿಕೊಂಡ ಮೇಲೆಯೇ ಪರಟೆ ಬೆಕ್ಕಿಗೆ ಸಿಗುತ್ತಿತ್ತು. ಈಗ, ಪಾಪ ಹಸಿದಿದೆ, ಗಂಜಿ ಆರುವ ಮುಂಚೆ ನಾಲ್ಕು ಸಲ ನೆಕ್ಕಲಿ ಎಂದು ಮೊದಲು ಪರಟೆಯನ್ನೇ ಅದರ ಮುಂದಿಡುತ್ತಾಳೆ. ಎಳೆ ಆಮೇಲೆ ಆರಿಸಿದರಾಯಿತು.

ಅಷ್ಟರಲ್ಲಿ ಇಲಿಗಳಿಗೆ ಸುದ್ದಿ ಮುಟ್ಟಿದೆ. ಜಂತಿಯ ಮೇಲೆ ಮತ್ತೆ ಓಡಾಟ ಶುರುವಾಗಿದೆ. ಒಂದು ಬೆಳಿಗ್ಗೆ ಸುತ್ತಿಟ್ಟ ಹಾಸಿನ ಅಂಚಿನಲ್ಲಿ ಹಲ್ಲಿನ ಗುರುತು ಕಂಡು ಈಶಪ್ಪನ ಮುಖ ಕಪ್ಪಿಡುತ್ತದೆ. ಅದು ನರಗುಂದದ ಮದುವೆ ಮನೆಯೊಂದಕ್ಕೆ ಹೋಗಬೇಕಾದ ಸೀರೆಯ ಹಾಸು. ಈಶಪ್ಪ ಕೆಟ್ಟವನಲ್ಲ, ಬಾಳವ್ವನನ್ನು ಸ್ವಂತ ಅಕ್ಕನಂತೆ ನೋಡುವವನು. ಆದರೂ ಮಗ್ಗದ ಯಜಮಾನ.

"ಬಾಳಕ್ಕಾ, ಸಿಟ್ಟ ಆಗಬ್ಯಾಡ" ಎಂದು ಶುರು ಮಾಡುತ್ತಾನೆ. "ನಾಳೆ ಪರಶಪ್ಪನ ಬಂಡಿ ರೋಣದ ಸಂತಿಗೆ ಹೊಂಟೈತಿ. ಈ ಬೆಕ್ಕನ್ನ ಅದರಾಗ ಕಳಸೂಣು. ಹಾದ್ಯಾಗ ಯಾರದರ ಹೊಲದ ಗುಡಿಸಲದಾಗ ಬಿಡ್ತಾನ. ಬರೂವಾಗ ಒಂದ ಗಟ್ಟಿ ಬೆಕ್ಕ ತರ್ತಾನ. ಇದು ಉಳಿಯೂವಂಗ ಕಾಣವಲ್ದು."

ಈ ಚಳಿಯಲ್ಲಿ, ಈ ಮೈಯಲ್ಲಿ, ಹೊಲದ ಗುಡಿಸಲಿನಲ್ಲಿ ಬಿಟ್ಟರೆ ಏನಾಗುತ್ತದೆ ಎಂಬುದು ಹೊಲದಲ್ಲಿ ಬೆಳೆದ ಬಾಳವ್ವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಬೆಕ್ಕು ಯಾರದು? ತಂದವಳು ಅವಳು, ಇರುವುದು ಈಶಪ್ಪನ ಮಗ್ಗದ ಮನೆಯಲ್ಲಿ. ಇಷ್ಟು ದಿನ ಯಾರೂ ಈ ಪ್ರಶ್ನೆ ಎತ್ತಿರಲಿಲ್ಲ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಮನೆಗೆ ಹೋಗಿ ಒಲೆ ಹಚ್ಚುತ್ತಾಳೆ.

ಕೊನೆಯದಾಗಿ ಒಂದು ತುತ್ತಾದರೂ ತಿಂದು ಹೋಗಲಿ ಎಂದು ಅವಳ ಆಸೆ. ಬಿಸಿ ಜೋಳದ ರೊಟ್ಟಿಯನ್ನು ಎಮ್ಮೆಯ ಹಾಲಿನಲ್ಲಿ ಹಿಚುಕಿ, ಉಗುರು ಬೆಚ್ಚಗೆ ಮಾಡಿ, ಹಿತ್ತಲ ಬಿಸಿಲಲ್ಲಿ ಬೆಕ್ಕಿನ ಮುಂದಿಟ್ಟು ಕುಕ್ಕರಗಾಲಲ್ಲಿ ಕೂರುತ್ತಾಳೆ. ಇಷ್ಟು ದಿನ ಬಟ್ಟಲಿಟ್ಟು ಕೆಲಸಕ್ಕೆ ಎದ್ದು ಹೋಗುತ್ತಿದ್ದವಳು ಇವತ್ತು ಏಳುವುದಿಲ್ಲ, ನೋಡುತ್ತ ಕೂರುತ್ತಾಳೆ.

ಬೆಕ್ಕು ಮುಖ ತಿರುಗಿಸುವುದಿಲ್ಲ. ಓಡಿಯೇ ಬರುತ್ತದೆ. ಮೂಸುತ್ತದೆ, ಆಸೆಯಿಂದ ಬಾಯಿ ಹಾಕುತ್ತದೆ, ಎರಡು ಸಲ ನೆಕ್ಕುತ್ತದೆ. ನುಂಗುವಾಗ ಕುತ್ತಿಗೆ ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, ತಲೆ ಒದರುತ್ತದೆ. ಮುಂಗಾಲಿನಿಂದ ಬಾಯಿಯ ಪಕ್ಕವನ್ನು ಕೆರೆದುಕೊಳ್ಳುತ್ತದೆ. ಮತ್ತೆ ಬಟ್ಟಲ ಮುಂದೆ ಬಂದು ಕೂತು ಸುಮ್ಮನೆ ಹಾಲನ್ನೇ ನೋಡುತ್ತದೆ.

"ಯವ್ವಾ! ಹಸಿವಿ ಐತಿ ಇದಕ್ಕ" ಎಂದು ಬಾಳವ್ವ ಎದ್ದು ನಿಲ್ಲುತ್ತಾಳೆ. "ಹಸಿವಿ ಐತಿ, ನುಂಗಾಕ ಆಗವಲ್ದು!"

ಬೆಕ್ಕನ್ನು ಮಡಿಲಿಗೆ ಹಾಕಿಕೊಂಡು ಬಾಯಿ ಬಿಡಿಸುತ್ತಾಳೆ. ಹಲ್ಲು ಬೆಳ್ಳಗಿವೆ, ಗಂಟಲಲ್ಲಿ ಮೀನಿನ ಮುಳ್ಳಿಲ್ಲ, ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ. ಅಭ್ಯಾಸ ಬಲದಿಂದ ಅವಳು ಕಣ್ಣು ಮುಚ್ಚಿ ಕಿರುಬೆರಳನ್ನು ನಾಲಿಗೆಯ ಅಡಿಗೆ ಸರಿಸುತ್ತಾಳೆ. ಬುಡದಲ್ಲಿ ಬೆರಳು ನಿಲ್ಲುತ್ತದೆ. ಹಾಸಿನ ಮೇಲೆ ದಿನವೂ ನಿಲ್ಲುವ ಹಾಗೆಯೇ ನಿಲ್ಲುತ್ತದೆ.

"ಜಮಾಲಬಿ! ಲಗೂ ಬಾ ಇಲ್ಲೆ!"

ಜಮಾಲಬಿ ಹೊಲಿಯುತ್ತಿದ್ದ ಕೌದಿಯ ಸಮೇತ ಓಡಿ ಬರುತ್ತಾಳೆ. ಬೆಕ್ಕನ್ನು ಅದರಲ್ಲೇ ಸುತ್ತಿ, ಕಾಲು ಆಡದಂತೆ ಅವುಚಿ ಹಿಡಿಯುತ್ತಾಳೆ.

"ಏನೈತಿ ಬಾಯಾಗ?"

"ನೂಲು. ನಾಲಗಿ ಬುಡಕ್ಕ ಸುತ್ತೈತಿ."

"ನೂಲಾ? ಎಳದ ಬಿಡ ಮತ್ತ!"

"ತಡಿ. ಎಳೀಬ್ಯಾಡ."

ಬಾಳವ್ವ ಆ ಎಳೆಯನ್ನು ಉಗುರ ತುದಿಯಿಂದ ಕೂದಲೆಳೆಯಷ್ಟೇ ಮೇಲೆತ್ತುತ್ತಾಳೆ. ಕೌದಿಯೊಳಗೆ ಬೆಕ್ಕಿನ ಹೊಟ್ಟೆ ಬಿಗಿಯುತ್ತದೆ. "ಅಲ್ಲಾ, ಹೊಟ್ಟಿ ಗಟ್ಟಿ ಆತು ನೋಡ ನನ್ನ ಕೈಯಾಗ" ಎಂದು ಜಮಾಲಬಿ ಹೌಹಾರುತ್ತಾಳೆ. ಬಾಳವ್ವ ಥಟ್ಟನೆ ಬೆರಳು ಸಡಿಲಿಸುತ್ತಾಳೆ. ಅವಳಿಗೆ ಎಲ್ಲವೂ ತಿಳಿಯುತ್ತದೆ. ಒಂದು ಕಡೆ ನಾಲಿಗೆಯ ಬುಡದಲ್ಲಿ ಸಿಕ್ಕಿದೆ, ಇನ್ನೊಂದು ಕಡೆ ಗಂಟಲಿಳಿದು ಹೊಟ್ಟೆಗೆ ಹೋಗಿದೆ. ಹಾಸಿನಲ್ಲಿ ಸಿಕ್ಕಿಕೊಂಡ ಒಂದು ಎಳೆಯನ್ನು ಜಗ್ಗಿದರೆ ಸುತ್ತಲಿನದೆಲ್ಲ ಮುದುಡಿಕೊಂಡು ಬರುತ್ತದೆ. ಇನ್ನು ಕರುಳಿನ ಗತಿ ಏನಾಗಬೇಕು!

ಇನ್ನೂ ಒಂದು ಸಂಗತಿ ಅವಳ ಬೆರಳಿಗೆ ತಿಳಿಯುತ್ತದೆ. ಅದು ಊರಿನ ಹೆಂಗಸರು ರಾಟೆಯಲ್ಲಿ ತೆಗೆದ ನೂಲಲ್ಲ. ಈ ವರ್ಷ ಈಶಪ್ಪ ಬೊಂಬಾಯಿ ಕಡೆಯಿಂದ ತರಿಸಿದ ವಿಲಾಯತಿ ನೂಲು. ನುಣುಪು, ಸಣ್ಣ, ಬಲು ಗಟ್ಟಿ. ಅದು ಹರಿಯುವುದು ಕಡಿಮೆ; ಲಡಿಯ ಸುರುಳಿಯಲ್ಲೇ ಸಿಕ್ಕಾದದ್ದನ್ನು ಮಾತ್ರ ಮೊಳದುದ್ದ ಕಿತ್ತು ತೆಗೆಯಬೇಕಾಗುತ್ತದೆ. ಊರ ನೂಲು ಬೆಕ್ಕಿನ ಬಾಯಿಗೆ ಹೋದರೂ ಹಲ್ಲಿಗೆ ಸಿಕ್ಕಿ ತುಂಡಾಗಿ ಹೋಗುತ್ತಿತ್ತು. ಓಣಿಯ ಬೆಕ್ಕುಗಳೆಲ್ಲ ತಿಂದು ಅರಗಿಸಿಕೊಂಡೇ ಬೆಳೆದವು. ಇದು ತುಂಡಾಗಿಲ್ಲ. ಮೊದಲ ಬಾರಿ ಆರಿಸುವಾಗ ಕಣ್ತಪ್ಪಿ ಉಳಿದದ್ದೋ, ಆಮೇಲೆ ಆರಿಸದೆಯೇ ಮುಂದಿಟ್ಟ ಪರಟೆಯದೋ, ಅಂತೂ ಅವಳ ಕೈಯಿಂದಲೇ ಹೋದದ್ದು.

"ನಾನ ತಿನಿಸೀನಿ ಇದಕ್ಕ, ಜಮಾಲಬಿ. ಉಣ್ಣವಲ್ದು ಅಂತ ಮ್ಯಾಲಿಂದ ಮ್ಯಾಲ ಪರಟಿ ಮುಂದ ಇಟ್ಟೀನಿ" ಎನ್ನುವಾಗ ಬಾಳವ್ವನ ಕಣ್ಣು ತುಂಬಿಕೊಳ್ಳುತ್ತವೆ.

"ಅಳೂದು ಆಮ್ಯಾಲ ಅಳವಾ. ಮೊದಲ ಏನ ಮಾಡೂದು ಹೇಳು."

"ನಿನ್ನ ಕತ್ತರಿ ಕೊಡು."

ಜಮಾಲಬಿಗೆ ಆಶ್ಚರ್ಯ. ಇಷ್ಟು ವರ್ಷದಲ್ಲಿ ಬಾಳವ್ವ ಕತ್ತರಿ ಕೇಳಿದ್ದಿಲ್ಲ. ಎಳೆ ಕೂಡಿಸುವವರು ನೂಲಿಗೆ ಕಬ್ಬಿಣ ತಾಗಿಸುವುದಿಲ್ಲ. ಉಗುರಿನಿಂದ ಚಿವುಟಬೇಕು, ಅದೂ ಕೂಡಿಸುವುದಕ್ಕಾಗಿ. ಅತ್ತೆ ಹಾಕಿಕೊಟ್ಟ ಕಟ್ಟಳೆ ಅದು, ಇವತ್ತಿನವರೆಗೆ ಮುರಿದವಳಲ್ಲ. ಕೌದಿ ಹೊಲಿಯುವ ಆ ಪುಟ್ಟ ಕತ್ತರಿಯನ್ನು ಕೈಗೆ ತೆಗೆದುಕೊಂಡು ಅದರ ಅಲಗನ್ನು ಸೆರಗಿನಿಂದ ಒರೆಸುತ್ತಾಳೆ. ಎಡಗೈಯ ಬೆರಳಿಂದ ನಾಲಿಗೆ ಮೇಲೆತ್ತಿ, ಬುಡದ ಸುತ್ತು ಎಲ್ಲಿದೆ ಎಂದು ಮತ್ತೊಮ್ಮೆ ಮುಟ್ಟಿ ನೋಡಿ, ಕತ್ತರಿಯ ತುದಿಯನ್ನು ಅಲ್ಲಿಗೆ ಸರಿಸಿ ಕತ್ತರಿಸುತ್ತಾಳೆ.

ಸದ್ದೇನೂ ಆಗುವುದಿಲ್ಲ. ನಾಲಿಗೆ ಸುತ್ತಿದ ತುಂಡು ಬೆರಳಿಗೆ ಅಂಟಿ ಹೊರಬರುತ್ತದೆ. ಉಳಿದದ್ದು ಸಡಿಲಾಗಿ ಒಳಗೆ ಸರಿಯುತ್ತದೆ.

"ಒಳಗ ಉಳದದ್ದು?"

"ಹೋಗತೈತಿ. ಬಿಗಿ ಬಿಟ್ಟೈತಿ ಈಗ. ಹಾದಿ ಸಿಕ್ಕರ ತಾನ ಹೋಗತೈತಿ" ಎನ್ನುತ್ತಾಳೆ ಬಾಳವ್ವ. ಅವಳಿಗೇನೂ ಖಾತ್ರಿಯಿಲ್ಲ. ಆದರೂ ಬಾಯಿಬಿಟ್ಟು ಹೇಳಿದರೆ ಹಾಗೆ ಆದೀತು ಎಂಬ ನಂಬಿಕೆ. ಬೆಕ್ಕು ಕೌದಿಯಿಂದ ಬಿಡಿಸಿಕೊಂಡು, ಇಬ್ಬರನ್ನೂ ಅನುಮಾನದಿಂದ ನೋಡಿ, ಬಟ್ಟಲಿನ ಹಾಲನ್ನು ಮೆಲ್ಲಗೆ ನೆಕ್ಕುತ್ತದೆ. ನುಂಗುತ್ತದೆ. ಮತ್ತೆ ನೆಕ್ಕುತ್ತದೆ.

ಸಂಜೆ ಬಾಳವ್ವ ಈಶಪ್ಪನ ಮುಂದೆ ನಿಲ್ಲುತ್ತಾಳೆ. ಅವನ ಮನೆಯಲ್ಲಿ ಕೆಲಸಕ್ಕೆ ಬಂದಂದಿನಿಂದ ಅವಳು ಕೇಳಿಕೊಂಡು ಬಂದದ್ದು ಇದೇ ಮೊದಲು.

"ಈ ಬಂಡ್ಯಾಗ ಬ್ಯಾಡಪಾ. ಮುಂದಿನ ಸಂತಿ ತನಕ ಬಿಡು. ಅಲ್ಲಿ ತನಕ ಹಾಸಿನ ಬಾಜೂಕ ನಾ ಮಲಕೋತೀನಿ. ಇಲಿ ನಾ ಕಾಯ್ತೀನಿ."

"ಬೆಕ್ಕಿನ ಕೆಲಸ ನೀ ಮಾಡ್ತೀಯೇನಕ್ಕಾ?" ಈಶಪ್ಪನಿಗೆ ನಗು ತಡೆಯುವುದಿಲ್ಲ.

"ಇಷ್ಟ ದಿನಾ ನನ್ನ ಕೆಲಸ ಅದು ಉಳಸಿಲ್ಲೇನು?"

ಈಶಪ್ಪನ ನಗು ಅಲ್ಲಿಗೇ ನಿಲ್ಲುತ್ತದೆ. "ಆತು ಬಿಡು" ಎನ್ನುತ್ತಾನೆ. ಮರುದಿನ ಪರಶಪ್ಪನ ಬಂಡಿ ಸೀರೆಯ ಗಂಟು ಹೇರಿಕೊಂಡು ಬೆಕ್ಕಿಲ್ಲದೆ ರೋಣದ ದಾರಿ ಹಿಡಿಯುತ್ತದೆ. ಬಾಳವ್ವ ಕೋಲು ಹಿಡಿದು ಮಗ್ಗದ ಮನೆಗೆ ಮಲಗಲು ಹೋಗುವುದನ್ನು ನೋಡಿ ಹಾಲಸಿದ್ದಪ್ಪ, ಓಣಿಗೆ ಹೊಸ ಬೆಕ್ಕು ಬಂದಿದೆ ಎಂದು ಊರೆಲ್ಲ ಸಾರುತ್ತಾನೆ. ಅವಳು ಬೇಸರಪಡುವುದಿಲ್ಲ. ಕಂಡಿಕಿ ಅವಳ ಕಾಲ ಬುಡದಲ್ಲಿ ಮಲಗುತ್ತದೆ. ಹಾಲು, ಆಮೇಲೆ ತಿಳಿಯಾದ ಅಂಬಲಿ, ಅವಳ ಬೆರಳಿಂದಲೇ.

ಉಳಿದ ನೂಲು ಒಂದು ಬೆಳಿಗ್ಗೆ ಹಿತ್ತಲ ಬೂದಿಗುಂಡಿಯಲ್ಲಿ ಸಿಗುತ್ತದೆ. ದಿನವೂ ಕಡ್ಡಿ ಹಿಡಿದು ಬೂದಿ ಕೆದಕಿ ನೋಡುತ್ತಿದ್ದ ಕತೆಯನ್ನು ಹೇಳುವಾಗ ಬಾಳವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾಳೆ. "ನಾಚಿಕಿ ಏನ ಬಂತ್ರಿ? ನನ್ನ ಎಳಿ ಅದು. ಪೂರಾ ಬಂತೋ ಇಲ್ಲೋ ಅಂತ ಬಿಡಿಸಿ ನೋಡೀನಿ. ಪೂರಾ ಬಂದಿತ್ತು." ಅವತ್ತು ಕಂಡಿಕಿ ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ, ಊಟಕ್ಕೆ ಕೂಗುತ್ತದೆ. ಜಮಾಲಬಿ ತನ್ನ ಮನೆಯಿಂದಲೇ ಕೂಗಿ ಕೇಳುತ್ತಾಳೆ: "ದೃಷ್ಟಿ ಹೋತೇನ?" "ಹೋತವಾ, ನಿನ್ನ ಕತ್ತರಿಗೆ ಹೋತು!"

ಆಮೇಲಿನದು ಹೆಚ್ಚೇನಿಲ್ಲ. ಒಂದು ನಸುಕಿನಲ್ಲಿ ಹಾಸು ಬಿಗಿಯುವ ಹೊತ್ತಿಗೆ ಕಂಡಿಕಿ ದಪ್ಪನೆಯ ಇಲಿಯೊಂದನ್ನು ಕಚ್ಚಿ ತಂದು ಈಶಪ್ಪನ ಪಾದದ ಮೇಲೇ ಹಾಕುತ್ತದೆ. ಯಜಮಾನ ಹಾರಿ ಹಿಂದೆ ಸರಿದು ಗಂಜಿಯ ಗಡಿಗೆಗೆ ಎಡವುತ್ತಾನೆ. ಒಳಗೆ ಹೋಗಿ ಒಂದು ಬಟ್ಟಲು ಹಾಲು ತಂದು ಕಟ್ಟೆಯ ಮೇಲಿಟ್ಟು, ಆ ಕಡೆ ನೋಡದವನಂತೆ ನಿಲ್ಲುತ್ತಾನೆ. ಪರಶಪ್ಪನಿಗೆ ಬೇರೆ ಬೆಕ್ಕು ತರಬೇಡ ಎಂದು ಹೇಳಿದ ಸುದ್ದಿ ಬಾಳವ್ವನಿಗೆ ಆಮೇಲೆ ತಿಳಿಯುತ್ತದೆ.

ಈಗ ಅವಳು ಚಿವುಟಿದ ಎಳೆಗಳನ್ನು ಪರಟೆಗೆ ಅಂಟಿಸುವುದಿಲ್ಲ, ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಳ್ಳುತ್ತಾಳೆ. "ಬಂಗಾರ ಕಟ್ಟಿಯೇನ ಯಕ್ಕಾ?" ಎಂದು ಹಾಲಸಿದ್ದಪ್ಪ ಕಾಡಿಸುತ್ತಾನೆ. ಆದರೂ ಓಣಿಯ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಹಾಗೆಯೇ ಕಟ್ಟಿಕೊಳ್ಳಲು ಶುರುಮಾಡಿದ್ದಾರೆ. ವಿಲಾಯತಿ ನೂಲು ಇನ್ನೂ ಹೆಚ್ಚಾಗಿ ಬರುತ್ತದಂತೆ. ಹರಿಯದ ನೂಲು ಬಂದರೆ ಕೂಡಿಸುವವಳ ಗತಿಯೇನು ಎಂಬ ಮಾತೂ ಅಲ್ಲಲ್ಲಿ ಕೇಳಿಬರುತ್ತದೆ. ಬಾಳವ್ವ ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. "ಹರಿಯಲಾರದ ನೂಲು ಎಲ್ಲೈತ್ರಿ? ನಾ ಹಾಸಿನ ಹಿಂದ ನಡಿಯೂತನಕ ಇದು ನನ್ನ ಹಿಂದ ನಡದ್ರ ಸಾಕು."

ಕೋಟೆಯ ತಲೆಗೆ ಬಿಸಿಲು ತಾಗುತ್ತದೆ. ಕುಂಚದವರು ಓಣಿಯ ತುದಿ ಮುಟ್ಟಿದ್ದಾರೆ. ಬಾಳವ್ವ ಕೊನೆಯ ಎಳೆ ಹೊಸೆದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾಳೆ. ಅವಳ ಹಿಂದೆ ಕಂಡಿಕಿ ಬಾಲ ಎತ್ತಿ ನಿಂತಿದೆ, ಬೆನ್ನ ಮೇಲೆ ಎಲುಬು ಕಾಣುವುದಿಲ್ಲ. ಇಷ್ಟು ವರ್ಷ ಕೂಡಿಸಿದ ಎಳೆಗಳಲ್ಲಿ ಯಾವುದಾದರೂ ನೆನಪಿದೆಯೇ ಎಂದು ಕೇಳಿದರೆ, ಗಂಜಿ ಒಣಗಿದ ಬೆರಳನ್ನು ಬೆಕ್ಕಿನ ಗದ್ದದಡಿ ಆಡಿಸುತ್ತ ಅವಳು ಯೋಚಿಸುತ್ತಾಳೆ.

"ಕೂಡಿಸಿದ್ದು ಒಂದೂ ನೆನಪಿಲ್ರಿ. ಕಡದದ್ದು ಒಂದ ಎಳಿ. ಅದು ನೆನಪೈತಿ."